ಓದುಗರ ಸ್ಪಂದನ: ‘ಹೈ ರಿಸ್ಕ್’ ವರದಿ ಬಂದ ಮೇಲೆ

(ಸಮಸ್ಯೆ: 33 ವರ್ಷದ ಚೊಚ್ಚಲ ಬಸುರಿ ನಾನು. 13ನೇ ವಾರದ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ವರದಿಯಲ್ಲಿ ಮಗುವಿಗೆ ಡೌನ್ ಸಿಂಡ್ರೋಮ್ – ಒಂದು ವರ್ಣತಂತು ಹೆಚ್ಚಿದ್ದು ಬೆಳವಣಿಗೆ ನಿಧಾನವಾಗುವ ಹುಟ್ಟು ಸ್ಥಿತಿ – ಇರುವ ಸಾಧ್ಯತೆ 140ರಲ್ಲಿ 1 ಎಂದು ಬಂದಿದೆ. ಸೂಜಿ ಚುಚ್ಚುವ ಪರೀಕ್ಷೆಗೆ ಅತ್ತೆಯವರು ಒಪ್ಪುತ್ತಿಲ್ಲ. ನನಗೂ ಭಯ.)

ಸೋದರಿ, ನಾಲ್ಕು ವರ್ಷದ ಹಿಂದೆ ನನ್ನ ಕೈಗೆ ಬಂದ ವರದಿಯಲ್ಲಿ 90ರಲ್ಲಿ 1 ಎಂದಿತ್ತು. ಕೆಂಪಕ್ಷರದ ‘ಹೈ ರಿಸ್ಕ್’ ಬಿಟ್ಟು ಬೇರೇನೂ ಆ ದಿನ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನಂಥದೇ ವರದಿ ಬಂದ 90 ಬಸುರಿಯರಿದ್ದರೆ ಅವರಲ್ಲಿ ಸುಮಾರು 89 ಮಂದಿಯ (ನಿಮ್ಮ ಲೆಕ್ಕದಲ್ಲಿ 140ರಲ್ಲಿ 139) ಮಗುವಿಗೆ ಈ ತೊಂದರೆ ಇರುವುದಿಲ್ಲ ಎಂಬುದು ಆ ಸಂಖ್ಯೆಯ ಅರ್ಥವೆಂದು ಫೀಟಲ್ ಮೆಡಿಸಿನ್ (ಗರ್ಭಸ್ಥ ಶಿಶುವಿನ ಆರೋಗ್ಯದ) ತಜ್ಞೆ ಕಾಗದದ ಮೇಲೆ ಬರೆದು ತೋರಿಸುವವರೆಗೆ ನನಗೆ ಉಸಿರು ತಿರುಗಿರಲಿಲ್ಲ. ಅವರು ಮೊದಲು ಮಾಡಿದ್ದು ವರದಿಗೆ ಕೊಟ್ಟ ವಿವರಗಳ ಪರಿಶೀಲನೆ. ನನ್ನ ವಾರಗಳನ್ನು ಸ್ಕ್ಯಾನಿನ ಅಳತೆಯಿಂದಲ್ಲ, ನೆನಪಿನಿಂದ ಹೇಳಿದ ಮುಟ್ಟಿನ ತಾರೀಖಿನಿಂದ ಲೆಕ್ಕ ಹಾಕಿದ್ದರು. ಸರಿಪಡಿಸಿದಾಗ ಸಾಧ್ಯತೆ 160ರಲ್ಲಿ 1ಕ್ಕೆ ಇಳಿಯಿತು, ಆದರೂ ಅಪಾಯದ ಗೆರೆಯ ಒಳಗೇ ಉಳಿಯಿತು. ನಿಮ್ಮ ವಯಸ್ಸು, ತೂಕ, ಸಕ್ಕರೆ ಕಾಯಿಲೆ ಇದೆಯೇ, ಎನ್‌ಟಿ ಸ್ಕ್ಯಾನಿನ ಅಳತೆ (ಮಗುವಿನ ಕತ್ತಿನ ಹಿಂಬದಿಯ ನೀರಿನ ಪದರದ್ದು) ಸೇರಿದೆಯೇ ಎಂಬುದನ್ನು ದಯವಿಟ್ಟು ನೋಡಿಸಿಕೊಳ್ಳಿ.

ನಾನು 17ನೇ ವಾರದಲ್ಲಿ ಆಮ್ನಿಯೋಸೆಂಟೆಸಿಸ್ ಮಾಡಿಸಿಕೊಂಡೆ. ಸ್ಕ್ಯಾನ್ ನೋಡುತ್ತಲೇ ತೆಳುವಾದ ಸೂಜಿಯಿಂದ ಗರ್ಭದ ನೀರನ್ನು ಸುಮಾರು 20 ಮಿ.ಲೀ. ತೆಗೆದರು. ಹೊಟ್ಟೆ ಹಿಂಡಿದಂತಾಯಿತು, ಅಷ್ಟೇ. ಅನುಭವವಿರುವವರ ಕೈಯಲ್ಲಿ ಇದರಿಂದ ಗರ್ಭಪಾತವಾಗುವ ಅಪಾಯ 200ರಲ್ಲಿ 1ಕ್ಕಿಂತಲೂ ಕಡಿಮೆ ಎಂದು ತಿಳಿದಾಗ ನನ್ನ ಅತ್ತೆಯೂ ಒಪ್ಪಿದರು. ಅವರನ್ನು ಜೊತೆಗೆ ಕರೆದೊಯ್ದು ವೈದ್ಯರ ಬಾಯಿಂದಲೇ ಕೇಳಿಸಿದ್ದರಿಂದ ಮನೆಯ ವಾದ ಅಲ್ಲಿಗೇ ಮುಗಿಯಿತು. ಮೊದಲ ಫಲಿತಾಂಶಕ್ಕೆ ಕಾದ ನಾಲ್ಕು ದಿನ ಮಾತ್ರ ಬಹಳ ಉದ್ದವಾಗಿದ್ದವು. ಮಗು ಆರೋಗ್ಯವಾಗಿತ್ತು.
– ಒಬ್ಬ ತಾಯಿ, ಶಿವಮೊಗ್ಗ

ಜೆನೆಟಿಕ್ ಕೌನ್ಸೆಲಿಂಗ್ (ವಂಶವಾಹಿ ತೊಂದರೆಗಳ ಬಗ್ಗೆ ಸಲಹೆ ಕೊಡುವುದು) ನನ್ನ ವೃತ್ತಿಯಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ತಾಯಿಯ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಡೌನ್ ಸಿಂಡ್ರೋಮನ್ನು ಬಹುಮಟ್ಟಿಗೆ ತಪ್ಪದೆ ಗುರುತಿಸುತ್ತದೆಯಾದರೂ ಅದೂ ಜರಡಿ ಹಿಡಿಯುವ, ಅಂದರೆ ಸಾಧ್ಯತೆಯನ್ನಷ್ಟೇ ಹೇಳುವ ಪರೀಕ್ಷೆಯೇ. ಅದರಲ್ಲಿ ದೋಷ ಕಂಡರೆ ಸೂಜಿಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಯಾವ ನಿರ್ಧಾರವನ್ನೂ ಮಾಡಬಾರದು. ನಿಮ್ಮದು ನೆಗೆಟಿವ್ ರಕ್ತದ ಗುಂಪಾಗಿದ್ದರೆ ಮೊದಲೇ ತಿಳಿಸಿ, ಸೂಜಿ ಹಾಕಿದ ಮೇಲೆ, ಮಗುವಿನ ರಕ್ತದ ವಿರುದ್ಧ ನಿಮ್ಮ ದೇಹ ಪ್ರತಿಕಾಯ ಬೆಳೆಸದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ವರದಿಯಲ್ಲಿ ಪ್ಯಾಪ್-ಎ (ಮಾಸಿನಿಂದ ಬರುವ ಒಂದು ಪ್ರೋಟೀನ್) ಪ್ರಮಾಣ ತೀರ ಕಡಿಮೆಯಿದ್ದರೆ ಮಗುವಿನ ಬೆಳವಣಿಗೆ ಮತ್ತು ನಿಮ್ಮ ರಕ್ತದೊತ್ತಡದ ಮೇಲೂ ನಿಗಾ ಇರಬೇಕಾಗುತ್ತದೆ, ಇದನ್ನು ಅನೇಕರು ಕೇಳುವುದೇ ಇಲ್ಲ. ನಿಮ್ಮೂರಲ್ಲಿ ತಜ್ಞರಿಲ್ಲದಿದ್ದರೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ನಿಮ್ಮ ವೈದ್ಯರಿಂದ ಪತ್ರ ಪಡೆದು ಈ ವಾರವೇ ಹೊರಡಿ.
– ಒಬ್ಬ ಓದುಗರು, ಬೆಂಗಳೂರು

ತಂಗಿ, ನಮ್ಮ ಮನೆಯಲ್ಲಿ ಆ ಒಂದು ಸಾಧ್ಯತೆಯೇ ನಿಜವಾಯಿತು. ಹಾಗಾದವರೂ ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಪರೀಕ್ಷೆ ಖಚಿತಪಡಿಸಿದ ಮೇಲೆ ಎರಡು ವಾರ ನಾನೂ ನನ್ನ ಹೆಂಡತಿಯೂ ಮಾತಾಡಿದೆವು, ಅತ್ತೆವು, ಕೊನೆಗೆ ಮಗುವನ್ನು ಉಳಿಸಿಕೊಳ್ಳಲು ತೀರ್ಮಾನಿಸಿದೆವು. ಬೇರೆ ದಾರಿ ಹಿಡಿದವರನ್ನು ನಾನು ಎಂದಿಗೂ ತಪ್ಪೆನ್ನಲಾರೆ. 2021ರ ಕಾನೂನು ತಿದ್ದುಪಡಿಯ ಪ್ರಕಾರ, ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆ ಎಂದು ವೈದ್ಯಕೀಯ ಮಂಡಳಿ ನಿರ್ಣಯಿಸಿದರೆ ಗರ್ಭಪಾತಕ್ಕೆ 24 ವಾರಗಳ ಮಿತಿ ಅಡ್ಡಿಯಾಗುವುದಿಲ್ಲ. ಆದರೂ ದಿನ ಕಳೆದಷ್ಟೂ ದೇಹಕ್ಕೂ ಮನಸ್ಸಿಗೂ ಕಷ್ಟ ಹೆಚ್ಚುತ್ತದೆ.

ಮೊದಲೇ ತಿಳಿದದ್ದರಿಂದ ನಮಗೆ ಒಂದು ದೊಡ್ಡ ಉಪಕಾರವಾಯಿತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವೂ ಇರುತ್ತದೆ ಎಂದು ತಿಳಿಸಿ ಗರ್ಭದಲ್ಲಿರುವಾಗಲೇ ಮಗುವಿನ ಹೃದಯದ ಸ್ಕ್ಯಾನ್ ಮಾಡಿದರು, ರಂಧ್ರ ಕಂಡಿತು. ಹಾಗಾಗಿ ಮಕ್ಕಳ ಹೃದ್ರೋಗ ತಜ್ಞರಿದ್ದ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿದೆವು, ಐದನೇ ತಿಂಗಳಿಗೆ ಶಸ್ತ್ರಚಿಕಿತ್ಸೆಯಾಯಿತು. ಮಗನಿಗೆ ಈಗ ಆರು ವರ್ಷ. ಮಾತು ತಡವಾಗಿ ಬಂತು. ಬೆಳಿಗ್ಗೆ ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವನು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ನಮ್ಮೊಡನೆ ಮಾತಾಡಬೇಕೆನಿಸಿದರೆ ಸಂಪಾದಕರ ಮೂಲಕ ಬರೆಯಿರಿ, ನನ್ನ ಹೆಂಡತಿಯೇ ಉತ್ತರಿಸುತ್ತಾಳೆ.
– ಒಬ್ಬ ತಂದೆ, ಹುಬ್ಬಳ್ಳಿ