ಇಂಟರ್ನೆಟ್ ಫೋನ್ ಅಡಾಪ್ಟರ್ ಹಾಕಿದೆ, ನಾವು ಮಾಡೋ ಕಾಲ್ ಹೋಗ್ತದೆ, ಬರೋ ಕಾಲ್ ಮಾತ್ರ ರಿಂಗೇ ಆಗ್ತಿಲ್ಲ

ನಾಪೋಕ್ಲು_ತೋಟ
ಎಲ್ಲರಿಗೂ ನಮಸ್ಕಾರ. ನಮ್ಮನೆ ಕೊಡಗಿನ ನಾಪೋಕ್ಲಿಂದ ಒಳಗೆ, ತೋಟದ ನಡುವೆ. ಮೊಬೈಲ್ ಸಿಗ್ನಲ್ ಬೇಕಂದ್ರೆ ಕಾಫಿ ಕಣದ ಮೂಲೇಲಿ ಹೋಗಿ ನಿಲ್ಬೇಕು, ಒಂದು ಕಡ್ಡಿ ಸಿಗ್ತದೆ, ಮನೆ ಒಳಗೆ ಅದೂ ಇಲ್ಲ. ಹಳೇ ಲ್ಯಾಂಡ್‌ಲೈನ್ ಇತ್ತು, 08272 ನಂಬರು, ಪ್ರತಿ ಮಳೆಗಾಲ ಮರ ಬಿದ್ದು ಲೈನ್ ಕಟ್ ಆಗೋದು ರಿಪೇರಿ ಆಗೋದು, ಕೊನೆಗೆ ಒಂದ್ಸಲ ಹೋದದ್ದು ಬರಲೇ ಇಲ್ಲ. ಈಗ ಫೈಬರ್ ಬಂದಿದೆ. ಮಗ ಬೆಂಗಳೂರಿಂದ ಹಳೇ ಫೋನನ್ನ ಇಂಟರ್ನೆಟಲ್ಲಿ ನಡೆಸೋ ಒಂದು ಪೋರ್ಟಿನ ಅಡಾಪ್ಟರ್ ಕಳ್ಸಿ, ಎಸ್‌ಐಪಿ (ಇಂಟರ್ನೆಟ್ ಫೋನ್) ಅಕೌಂಟೂ ಮಾಡಿಸಿ ಕೊಟ್ಟ.

ಫೈಬರ್ ಡಬ್ಬ ಜಗಲಿಲಿದೆ, ಅದರಿಂದ ಕೇಬಲ್ ಎಳೆದು ಹಾಲಲ್ಲಿ ನಮ್ದೇ ಇನ್ನೊಂದು ವೈಫೈ ರೂಟರ್ ಇಟ್ಟಿದೀವಿ, ಆ ರೂಟರಿಗೆ ಅಡಾಪ್ಟರ್, ಅಡಾಪ್ಟರಿಗೆ ಅವ್ವನ ಹಳೇ ಕೆಂಪು ಫೋನು. ಲೈಟ್ ಹಸಿರು ಬಂತು, ಡಯಲ್ ಟೋನ್ ಬಂತು, ಸಂತೋಷ ಆಯ್ತು. ಆದ್ರೆ:

ಬರೋ ಕಾಲ್ ರಿಂಗ್ ಆಗಲ್ಲ. ವಿಚಿತ್ರ ಏನಂದ್ರೆ ನಾವು ಯಾರಿಗಾದ್ರೂ ಮಾಡಿ ಇಟ್ಟ ತಕ್ಷಣ ಅವ್ರು ವಾಪಸ್ ಮಾಡಿದ್ರೆ ಆಗ್ತದೆ, ಐದ್ಹತ್ತು ನಿಮಿಷ ಬಿಟ್ಟು ಮಾಡಿದ್ರೆ ಸ್ವಿಚ್ ಆಫ್ ಅಂತ ಹೇಳ್ತದಂತೆ. ಕೆಲವು ಸಲ ನಾವು ಮಾತಾಡೋದು ಅವ್ರಿಗೆ ಕೇಳ್ತದೆ, ಅವ್ರು ಮಾತಾಡೋದು ನಮಗೆ ಕೇಳಲ್ಲ. ಅವ್ವ ಐದು ನಿಮಿಷ ಹಲೋ ಹಲೋ ಅಂದು ಕುಕ್ಕಿ ಇಡ್ತಾರೆ. ಇನ್ನೊಂದು, ಒಳಗಿನ ರೂಮಿನ ಬೇರೆ ಫೋನ್ ತಂದು ಹಾಕಿದ್ರೆ ನಂಬರ್ ಒತ್ತಿದ್ರೂ ಡಯಲ್ ಟೋನ್ ಕುಂಯ್ ಅಂತ ಹಾಗೇ ಇರ್ತದೆ. ಅಡಾಪ್ಟರೇ ಸರಿ ಇಲ್ವಾ?

ಪೊನ್ನಂಪೇಟೆ77
ಫೈಬರ್ ಇದ್ದ ಮೇಲೆ ಮೊಬೈಲಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ್ರೆ ಆಯ್ತಲ್ಲ ಮಾರಾಯ್ರೆ, ಈ ಡಬ್ಬ ಎಲ್ಲ ಯಾಕೆ? ಇಲ್ಲಾಂದ್ರೆ ಫೈಬರ್ ಡಬ್ಬದ ಹಿಂದೆನೇ ಫೋನ್ ಪಿನ್ ಹಾಕೋ ತೂತು ಇರ್ತದೆ ನೋಡಿ. ಕಂಪನಿಯವ್ರು ಪ್ಲಾನಲ್ಲಿ ವಾಯ್ಸ್ ಕೊಟ್ಟಿದ್ರೆ ಫೋನ್ ನೇರ ಅಲ್ಲಿಗೇ ಚುಚ್ಚಿ, ಅಡಾಪ್ಟರೇ ಬೇಡ.

ನಾಪೋಕ್ಲು_ತೋಟ
ವೈಫೈ ಕಾಲಿಂಗ್ ನನ್ನ ಮೊಬೈಲಲ್ಲಿ ಆನ್ ಇದೆ, ಚೆನ್ನಾಗೇ ಆಗ್ತದೆ. ಆದ್ರೆ ಅವ್ವನಿಗೆ 79, ಕೈಗೆ ರಿಸೀವರ್ ಸಿಗ್ಬೇಕು, ಒತ್ತಿದ್ರೆ ಬಟನ್ ಒಳಗೆ ಹೋಗ್ಬೇಕು. ಆ ತೂತು ಉಂಟು, ಕೇಳಿದ್ದಕ್ಕೆ ನಮ್ಮ ಪ್ಲಾನಲ್ಲಿ ವಾಯ್ಸ್ ಇಲ್ಲ ಅಂದ್ರು.

ಕುಶಾಲನಗರ_ಕೇಬಲ್
ಅಣ್ಣ ಅಡಾಪ್ಟರ್ ಸರಿಯಾಗೇ ಇದೆ. ನೀವು ಬರೆದಿರೋ ಲಕ್ಷಣ ನೋಡಿದ್ರೇ ಗೊತ್ತಾಗತ್ತೆ, ಇದು ರೂಟರ್ ಕಥೆ. ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ.

ರೂಟರ್ ಅಂದ್ರೆ ಎಸ್ಟೇಟ್ ಗೇಟಿನ ವಾಚ್‌ಮನ್ ಇದ್ದ ಹಾಗೆ. ಒಳಗಿಂದ ಯಾರಾದ್ರೂ ಹೊರಗೆ ಹೋದ್ರೆ ನೆನಪಿಟ್ಕೋತಾನೆ, ಅವ್ರು ವಾಪಸ್ ಬಂದ್ರೆ ಬಿಡ್ತಾನೆ. ಆದ್ರೆ ಆ ನೆನಪು ಜಾಸ್ತಿ ಹೊತ್ತು ಇರಲ್ಲ, ಎಸ್‌ಐಪಿ ಹೋಗೋದು ಸಾಮಾನ್ಯವಾಗಿ ಯುಡಿಪಿ 5060ರಲ್ಲಿ (5060 ಅಂದ್ರೆ ಪೋರ್ಟ್, ಬಾಗಿಲಿನ ನಂಬರ್ ಥರ), ಅದಕ್ಕೆ ಬಹಳ ರೂಟರಲ್ಲಿ 30 ಸೆಕೆಂಡಿಂದ 3 ನಿಮಿಷದ ತನಕ ಅಷ್ಟೇ. ನಿಮ್ಮ ಅಡಾಪ್ಟರ್ ಅಕೌಂಟ್ ಕೊಟ್ಟವ್ರ ಸರ್ವರಿಗೆ ‘ನಾನಿದೀನಿ’ ಅಂತ ಹೇಳೋದು ಬಹುಶಃ ಗಂಟೆಗೊಂದ್ಸಲ, ಸೆಟ್ಟಿಂಗಲ್ಲಿ 3600 ಸೆಕೆಂಡ್ ಅಂತ ಇರತ್ತೆ ನೋಡಿ. ಮಧ್ಯದ ಹೊತ್ತಲ್ಲಿ ಕಾಲ್ ಬಂದ್ರೆ ವಾಚ್‌ಮನ್ ಯಾರಪ್ಪ ನೀನು ಅಂತ ಗೇಟಲ್ಲೇ ನಿಲ್ಲಿಸ್ತಾನೆ. ನೀವು ಕಾಲ್ ಮಾಡಿದ ತಕ್ಷಣ ವಾಪಸ್ ಬಂದ್ರೆ ಆಗತ್ತೆ ಅಂದ್ರಲ್ಲ, ಅದಕ್ಕೇ. ಅಡಾಪ್ಟರ್ ಸೆಟ್ಟಿಂಗಲ್ಲಿ ಕೀಪ್ ಅಲೈವ್ ಅಂತ ಇದೆ, ಆಗಾಗ ಏನಾದ್ರೂ ಕಳ್ಸಿ ವಾಚ್‌ಮನ್ ನೆನಪು ಉಳಿಸತ್ತೆ, ಆನ್ ಮಾಡಿ 20 ಸೆಕೆಂಡ್ ಹಾಕಿ.

ಒಂದೇ ಕಡೆ ಧ್ವನಿ ಕೇಳೋದೂ ಇದರ ತಮ್ಮನೇ. ಅಡಾಪ್ಟರ್ ತನ್ನ ಅಡ್ರೆಸ್ 192.168 ಅಂತ ಶುರುವಾಗೋ ಮನೆ ಒಳಗಿನ ನಂಬರ್ ಹೇಳ್ಬಿಡತ್ತೆ, ಆ ಕಡೆಯವ್ರ ಧ್ವನಿ ಅಲ್ಲಿಗೆ ಹೊರಟು ದಾರಿ ತಪ್ಪತ್ತೆ. ಇದನ್ನ ಸರಿ ಮಾಡ್ತೀನಿ ಅಂತ ಕೆಲವು ರೂಟರಲ್ಲಿ ಎಸ್‌ಐಪಿ ಎಎಲ್‌ಜಿ ಅಂತ ಒಂದು ಇರತ್ತೆ, ಅದು ಸರಿ ಮಾಡೋದಕ್ಕಿಂತ ಕೆಡಿಸೋದೇ ಜಾಸ್ತಿ. ಎರಡೂ ಡಬ್ಬದಲ್ಲಿ ಹುಡುಕಿ ಆಫ್ ಮಾಡಿ. ಅಡಾಪ್ಟರಲ್ಲಿ ಸ್ಟನ್ (ತನ್ನ ಹೊರಗಿನ ಅಡ್ರೆಸ್ ಕೇಳಿ ತಿಳ್ಕೊಳ್ಳೋದು) ಅನ್ನೋ ಜಾಗ ಇದ್ರೆ ಅಕೌಂಟ್ ಕೊಟ್ಟವ್ರು ಹೇಳಿದ ಸರ್ವರ್ ಹಾಕಿ.

ಇದಕ್ಕೆಲ್ಲ ಮುಂಚೆ ಮಾಡೋ ಕೆಲಸ ಒಂದಿದೆ. ನಿಮ್ಮಲ್ಲಿ ವಾಚ್‌ಮನ್ ಇಬ್ರು, ಜಗಲಿಲಿ ಒಬ್ಬ ಹಾಲಲ್ಲಿ ಒಬ್ಬ. ಅಡಾಪ್ಟರ್ ಕಿತ್ತು ಜಗಲಿಯ ಫೈಬರ್ ಡಬ್ಬದ ಲ್ಯಾನ್ ಪೋರ್ಟಿಗೇ ಹಾಕಿ. ಅರ್ಧ ಗಲಾಟೆ ಅಲ್ಲೇ ಮುಗಿಯತ್ತೆ. ಇಲ್ಲಾಂದ್ರೆ ಹಾಲಲ್ಲಿರೋ ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಆಗ ಅದು ಬರೀ ವೈಫೈ ಕೊಡತ್ತೆ, ವಾಚ್‌ಮನ್ ಕೆಲಸ ಮಾಡಲ್ಲ.

ಸೆಟ್ಟಿಂಗ್ ಪೇಜ್ ತೆಗಿಯೋಕೆ ಅಡಾಪ್ಟರಿನ ಐಪಿ, ಅಂದ್ರೆ ಆ ಮನೆ ಒಳಗಿನ ಅಡ್ರೆಸ್ ನಂಬರ್ ಬೇಕು. ಗ್ರಾಂಡ್‌ಸ್ಟ್ರೀಮ್ ಎಚ್‌ಟಿ801 ಥರದ್ದಾದ್ರೆ ಅದೇ ಫೋನ್ ಎತ್ತಿ ಸ್ಟಾರ್ ಮೂರು ಸಲ ಒತ್ತಿ, ಆಮೇಲೆ 02 ಒತ್ತಿ, ಒಬ್ಳು ಇಂಗ್ಲಿಷಲ್ಲಿ ಐಪಿ ಓದಿ ಹೇಳ್ತಾಳೆ. ಅದನ್ನ ಬ್ರೌಸರಲ್ಲಿ ಹಾಕಿ. ಪಾಸ್‌ವರ್ಡ್ ಮೊದ್ಲು ಬದಲಾಯ್ಸಿ.

ಒಳಗಿನ ರೂಮಿನ ಫೋನ್ ತಿರುಗಿಸಿ ಅಡಿ ನೋಡಿ, ಟಿ (ಟೋನ್) ಮತ್ತೆ ಪಿ (ಪಲ್ಸ್) ಅಂತ ಪುಟ್ಟ ಸ್ವಿಚ್ ಇರತ್ತೆ. ಬಹುಶಃ ಈಗ ಪಿ ಕಡೆ ಇದೆ, ನಂಬರ್ ಒತ್ತಿದ್ರೂ ಡಯಲ್ ಟೋನ್ ನಿಲ್ಲದಿರೋದು ಅದಕ್ಕೇ. ಟಿ ಕಡೆ ತಳ್ಳಿ.

ಪೊನ್ನಂಪೇಟೆ77
ಪೋರ್ಟ್ ಫಾರ್ವರ್ಡ್ ಮಾಡಿದ್ರೆ, ಅಂದ್ರೆ ಹೊರಗಿಂದ ಬಂದದ್ದನ್ನ ನೇರ ಅಡಾಪ್ಟರಿಗೆ ಬಿಡು ಅಂತ ರೂಟರಿಗೆ ಹೇಳಿಟ್ರೆ, ಇದೆಲ್ಲ ಬೇಡ ಅಂತ ಒಂದು ವಿಡಿಯೋಲಿ ನೋಡಿದ್ದೆ?

ಮಳೆ_ಸಾಕಪ್ಪ
ಅಯ್ಯೋ ಅದೊಂದು ಮಾಡ್ಬೇಡಿ. ನಾನೂ ವಿಡಿಯೋ ನೋಡಿ 5060 ತೆರೆದಿಟ್ಟಿದ್ದೆ, ಹೋದ ವರ್ಷ ಕಕ್ಕಡ ತಿಂಗಳು, ಹೊರಗೆ ಜಡಿಮಳೆ, ರಾತ್ರಿ ಎರಡು ಗಂಟೆಗೆ ಫೋನ್ ಟ್ರಿಣ್ ಅಂತು. ಇಷ್ಟೊತ್ತಲ್ಲಿ ಫೋನ್ ಅಂದ್ರೆ ಸಾವಿನ ಸುದ್ದಿನೇ ಅಂತ ಮನೆಯವ್ರೆಲ್ಲ ಎದ್ದು ಕೂತ್ರು, ಎತ್ತಿದ್ರೆ ಯಾರೂ ಇಲ್ಲ, ನಂಬರ್ ನೋಡಿದ್ರೆ 1001. ಇಟ್ಟ ಮೇಲೆ ಮತ್ತೆ. ಮೂರು ರಾತ್ರಿ ಹೀಗೇ. ನಮ್ಮತ್ತೆ ಯಾರೋ ಮಾಟ ಮಾಡ್ಸಿದಾರೆ ಅನ್ನೋ ತನಕ ಹೋದ್ರು. ಕೊನೆಗೆ ಗೊತ್ತಾಗಿದ್ದು ಇಂಟರ್ನೆಟಲ್ಲಿ ತೆರೆದಿಟ್ಟ 5060 ಎಲ್ಲಿದೆ ಅಂತ ಹುಡುಕ್ತಾ ತಿರುಗೋ ಪ್ರೋಗ್ರಾಮ್‌ಗಳು ಇವೆ, ಸಿಕ್ಕಿದ ಅಡಾಪ್ಟರನ್ನ ಹಾಗೇ ರಿಂಗ್ ಮಾಡ್ತವೆ. ಫಾರ್ವರ್ಡ್ ತೆಗೆದು ಹಾಕಿ, ಸರ್ವರಿಂದ ಬಂದ ಕಾಲ್ ಮಾತ್ರ ತಗೋ ಅನ್ನೋ ಆಪ್ಶನ್ ಟಿಕ್ ಮಾಡಿದ್ಮೇಲೆ ನಿಂತೋಯ್ತು.

ಕುಶಾಲನಗರ_ಕೇಬಲ್
ಹಹ್ಹ ಮಾಟ. ಫಾರ್ವರ್ಡ್ ಮಾಡಿದ್ರೂ ಎಷ್ಟೋ ಕನೆಕ್ಷನಲ್ಲಿ ಪ್ರಯೋಜನ ಇಲ್ಲ. ಫೈಬರ್ ಡಬ್ಬದ ವ್ಯಾನ್ (ಹೊರಗಿನ ಕಡೆಯ) ಐಪಿ 100.64ರಿಂದ 100.127ರ ಒಳಗೆ ಇದ್ರೆ ಕಂಪನಿ ಕಡೆನೂ ಇನ್ನೊಬ್ಬ ವಾಚ್‌ಮನ್ ಕೂತಿದಾನೆ ಅಂತ ಅರ್ಥ, ಅವನ ಗೇಟ್ ನಮ್ಮ ಕೈಲಿಲ್ಲ.

ಸಿದ್ದಾಪುರ_ವೈರ್‌ಮ್ಯಾನ್
ಸೆಟ್ಟಿಂಗ್ ವಿಷ್ಯ ಅವ್ರು ಹೇಳಿದ್ರು, ನಾನು ವೈರಿಂಗ್ ಹೇಳ್ತೇನೆ. ಒಳಗಿನ ರೂಮಲ್ಲೂ ಫೋನ್ ಇದೆ ಅಂದ್ರಿ, ಅಂದ್ರೆ ಗೋಡೆಲಿ ಹಳೇ ಲ್ಯಾಂಡ್‌ಲೈನ್ ವೈರಿಂಗ್ ಇದೆ. ಅಡಾಪ್ಟರಿಂದ ಆ ವೈರಿಂಗಿಗೆ ಕೊಟ್ರೆ ಎಲ್ಲ ರೂಮಲ್ಲೂ ರಿಂಗ್ ಆಗ್ತದೆ, ಒಳ್ಳೇದೇ. ಆದ್ರೆ ಅದಕ್ಕೆ ಮುಂಚೆ ಕಂಬದಿಂದ ಬರೋ ತಾಮ್ರದ ಜೋಡಿ ವೈರನ್ನ ಹೊರಗಿನ ಬಾಕ್ಸಲ್ಲೇ ಬಿಚ್ಚಿ ಬೇರೆ ಮಾಡಿ. ಲೈನ್ ಸತ್ತಿದೆ ಅಂತ ನೀವು ಅಂದ್ಕೊಂಡಿರ್ತೀರಿ, ಎಕ್ಸ್‌ಚೇಂಜಿನ 48 ವೋಲ್ಟ್ ಅದರಲ್ಲಿ ಇನ್ನೂ ಇದ್ರೆ ಅಡಾಪ್ಟರ್ ಪೋರ್ಟ್ ಢಮಾರ್. ಇನ್ನೊಂದು ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಲಿ ಕಂಬದ ವೈರ್ ಹಿಡ್ಕೊಂಡೇ ಅದು ಮನೆ ಒಳಗೆ ಬರೋದು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ, ಆ ಹಳೇ ತಾಮ್ರ ಹರೀತದೆ.

ಕರೆಂಟ್ ಹೋದ್ರೆ ಫೋನೂ ಹೋಯ್ತು, ಇದು ಲ್ಯಾಂಡ್‌ಲೈನ್ ಹಾಗಲ್ಲ. ರೂಟರಿನ ಪುಟ್ಟ ಯುಪಿಎಸ್ ತಗೊಳ್ಳಿ, ಎರಡು ಪಿನ್ ಇರೋದು. ಫೈಬರ್ ಡಬ್ಬ ಹೆಚ್ಚಾಗಿ 12 ವೋಲ್ಟ್, ಅಡಾಪ್ಟರ್ ಕೆಲವು 5 ಕೆಲವು 12, ಸ್ಟಿಕ್ಕರ್ ಓದದೆ ಪಿನ್ ಚುಚ್ಚಬೇಡಿ. ಮತ್ತೆ 112ಕ್ಕೆ ಇದನ್ನೇ ನಂಬ್ಕೊಂಡು ಕೂರಬೇಡಿ.

ನಾಪೋಕ್ಲು_ತೋಟ
ಇವತ್ತು ಬೆಳಗ್ಗೆ ಕೂತು ಮಾಡಿದೆ. ಅಡಾಪ್ಟರ್ ಜಗಲಿ ಡಬ್ಬಕ್ಕೆ ಹಾಕಿದೆ, ಕೀಪ್ ಅಲೈವ್ 20, ಡಬ್ಬದಲ್ಲಿ ಎಎಲ್‌ಜಿ ಟಿಕ್ ಇತ್ತು ತೆಗೆದೆ. ಮಗನಿಗೆ ಅರ್ಧ ಗಂಟೆ ಬಿಟ್ಟು ಮಾಡು ಅಂದೆ, ಮಾಡಿದ, ಹೊಡೀತು ನೋಡಿ! ಎರಡೂ ಕಡೆ ಕ್ಲಿಯರ್. ಮಧ್ಯಾಹ್ನ ಊಟ ಆದ್ಮೇಲೆ ಅವನೇ ಮತ್ತೆ ಮಾಡಿದ, ಆಗ್ಲೂ ಬಂತು. ಒಳಗಿನ ಫೋನ್ ಅಡಿ ಸ್ವಿಚ್ ಪಿಯಲ್ಲೇ ಇತ್ತು, ಧೂಳು ಮೆತ್ಕೊಂಡು ಕಾಣ್ತಾ ಇರ್ಲಿಲ್ಲ, ಪಿನ್ನಲ್ಲಿ ತಳ್ಳಿದೆ. ಹೊರಗಿನ ವೈರ್ ಬಿಚ್ಚೋದು ನಾಳೆ, ಏಣಿ ಕೆಲಸದವ್ರ ಲೈನ್‌ಮನೆ ಹತ್ರ ಇದೆ, ಅಲ್ಲಿ ತನಕ ಗೋಡೆ ವೈರಿಂಗಿಗೆ ಕೊಡಲ್ಲ.

ಈಗ ಒಂದೇ ತಕರಾರು, ಹಂಚಿನ ಮೇಲೆ ಮಳೆ ಜೋರಾಗಿ ಬಿದ್ರೆ ಅಡುಗೆ ಮನೆಲಿರೋ ಅವ್ವನಿಗೆ ರಿಂಗ್ ಕೇಳಲ್ಲ. ಅಡಾಪ್ಟರಲ್ಲಿ ಜೋರು ಮಾಡೋಕೆ ಆಗ್ತದಾ?

ಸಿದ್ದಾಪುರ_ವೈರ್‌ಮ್ಯಾನ್
ಅಡಾಪ್ಟರಲ್ಲಿ ಅಲ್ಲ, ಫೋನಲ್ಲಿ. ಕೆಂಪು ಫೋನಿನ ಪಕ್ಕದಲ್ಲೋ ಅಡೀಲೋ ಉಗುರಲ್ಲಿ ತಿರುಗಿಸೋ ಪುಟ್ಟ ಚಕ್ರ ಇಲ್ಲಾ ಹೈ ಲೋ ಸ್ವಿಚ್ ಇರ್ತದೆ. ಅದು ಸಾಲದಿದ್ರೆ ನಾಳೆ ಏಣಿ ಕೆಲಸ ಮುಗಿದ ಮೇಲೆ ಅಡುಗೆ ಮನೆಗೆ ಇನ್ನೊಂದು ಫೋನ್ ಎಳೀರಿ. ಆದ್ರೆ ಹಳೇ ಕಬ್ಬಿಣದ ಗಂಟೆ ಇರೋ ಫೋನ್ ಮೂರು ನಾಲ್ಕು ಒಟ್ಟಿಗೆ ಹಾಕಬೇಡಿ, ಅಷ್ಟು ಗಂಟೆ ಹೊಡೆಯೋ ಶಕ್ತಿ ಆ ಪುಟ್ಟ ಡಬ್ಬಕ್ಕೆ ಇಲ್ದೇ ಇರ್ಬಹುದು, ಆಮೇಲೆ ಒಂದೂ ಸರಿಯಾಗಿ ಹೊಡಿಯದೇ ಹೋದೀತು.

ನಾಪೋಕ್ಲು_ತೋಟ
ಚಕ್ರ ಸಿಕ್ತು. ತಿರುಗಿಸಿದ್ದಕ್ಕೆ ನಾಯಿ ಎದ್ದು ಬೊಗಳ್ತು. ಸಾಕು.