ಸಹಾಯ ಬೇಕು: ಇಂಪ್ರೆಸ್‌ನಲ್ಲಿ ಬಿಡಿಸಿದ ಚಿತ್ರ ಸ್ಕ್ರ್ಯಾಚ್‌ಗೆ ತಂದರೆ ಕುಣಿಯುತ್ತದೆ

ಎಲ್ಲರಿಗೂ ನಮಸ್ಕಾರ. ನಾನು 7ನೇ ತರಗತಿಗೆ ಸ್ಕ್ರ್ಯಾಚ್ (ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ತಂತ್ರಾಂಶ) ಕಲಿಸುತ್ತಿದ್ದೇನೆ. ಅದರಲ್ಲೇ ಬರುವ ಬೆಕ್ಕಿನ ಚಿತ್ರ ಸಾಕಾಯ್ತು ಸರ್, ನಮ್ಮದೇ ಚಿತ್ರ ಬೇಕು ಅಂತ ಮಕ್ಕಳು ಹಟ ಹಿಡಿದರು. ಸರಿ ಅಂತ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ (ಸ್ಲೈಡ್ ಮಾಡುವ ತಂತ್ರಾಂಶ) ತ್ರಿಕೋನ, ವೃತ್ತ ಸೇರಿಸಿ ಯಕ್ಷಗಾನದ ವೇಷ ಬಿಡಿಸಿದ್ದಾರೆ. ಕಿರೀಟ ಎಷ್ಟು ಚೆನ್ನಾಗಿ ಬಂದಿದೆ ಅಂದರೆ ನನಗೇ ಆಶ್ಚರ್ಯ.

ಮೊದಲು ಇಡೀ ಸ್ಲೈಡನ್ನೇ ಪಿಎನ್‌ಜಿ ಚಿತ್ರದ ಫೈಲ್ ಮಾಡಿದೆ, ಹಿಂದೆ ಬಿಳಿ ಚೌಕ ಬಂತು. ಆಮೇಲೆ ಚಿತ್ರದ ಭಾಗಗಳನ್ನೆಲ್ಲ ಗ್ರೂಪ್ ಮಾಡಿ, ಅದನ್ನು ಆಯ್ದುಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ 'ಸೆಲೆಕ್ಷನ್'ಗೆ ಟಿಕ್ ಹಾಕಿದೆ. ಬಿಳಿ ಹೋಯಿತು. ಆದರೆ ಈಗ ಬೇರೆ ತೊಂದರೆ: ಕೈ ಎತ್ತಿದ ಚಿತ್ರ ಅಗಲ, ಇಳಿಸಿದ್ದು ಸಣ್ಣದು, ಹಾಗಾಗಿ ಸ್ಕ್ರ್ಯಾಚ್‌ನಲ್ಲಿ ಕಾಸ್ಟ್ಯೂಮ್ (ಒಂದೇ ಪಾತ್ರದ ಬೇರೆ ಬೇರೆ ಚಿತ್ರ) ಬದಲಾದಾಗಲೆಲ್ಲ ವೇಷವೇ ಪಕ್ಕಕ್ಕೆ ಜಿಗಿಯುತ್ತದೆ. ಕಾಸ್ಟ್ಯೂಮ್ ಎಡಿಟರ್‌ನಲ್ಲಿ ನಡುವಿನ ಗುರುತಿಗೆ ಎಳೆದು ಕೂರಿಸಬಹುದು, ಗೊತ್ತು. 28 ಮಕ್ಕಳು, ಒಬ್ಬೊಬ್ಬರದು ನಾಲ್ಕು ಚಿತ್ರ, 40 ನಿಮಿಷದ ಪೀರಿಯಡ್, ಆಗಲ್ಲ ಅಲ್ವಾ?

ಎಲ್ಲ ಚಿತ್ರವೂ ಒಂದೇ ಅಳತೆಯಲ್ಲಿ, ಹಿನ್ನೆಲೆ ಇಲ್ಲದೆ ಬರುವ ಹಾಗೆ ಮಾಡೋದು ಹೇಗೆ? ಹಿಂದೆ ಪೂರ್ತಿ ಪಾರದರ್ಶಕ ಚೌಕ ಇಟ್ಟು ಗ್ರೂಪ್ ಮಾಡಿದರೆ ಕೆಲಸ ಆಗುತ್ತದಾ? ಯಾರಾದರೂ ಮಾಡಿ ನೋಡಿದ್ದೀರಾ? ಎಲ್ಲ ಸ್ಲೈಡನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡುವ ದಾರಿ ಇದ್ದರೆ ಅದನ್ನೂ ತಿಳಿಸಿ. ಲ್ಯಾಬಲ್ಲಿ ಇಂಟರ್ನೆಟ್ ಇಲ್ಲ, ಆಫ್‌ಲೈನ್ ಸ್ಕ್ರ್ಯಾಚ್ ಬಳಸುತ್ತಿದ್ದೇವೆ, ಆದ್ದರಿಂದ ವೆಬ್‌ಸೈಟ್ ಹೇಳಿದರೆ ನಮಗೆ ಉಪಯೋಗ ಆಗಲ್ಲ. ಸೋಮವಾರ ಮತ್ತೆ ಕ್ಲಾಸ್ ಇದೆ, ಮಕ್ಕಳು ಕಾಯುತ್ತಿದ್ದಾರೆ.