ನಾಲ್ಕನೇ ತರಗತಿಗೆ ನದಿಗಳ ಪಾಠ ಹೇಗೆ?

ಶಿಕ್ಷಕಿ, ಬಸವನಗುಡಿ: ಮಕ್ಕಳು ನದಿಗಳ ಹೆಸರನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆ. ನೀರು ಎತ್ತ ಹರಿಯುತ್ತದೆ ಎಂದರೆ ಎಲ್ಲದಕ್ಕೂ ನಕಾಶೆಯಲ್ಲಿ ‘ಕೆಳಗೆ’ ಎಂದು ದಕ್ಷಿಣವನ್ನೇ ತೋರಿಸುತ್ತಾರೆ. ಏನು ಮಾಡಲಿ?

ನಿವೃತ್ತ ಮೇಷ್ಟ್ರು: ಮೇಡಂ, ಪಾಠ ನಿಮ್ಮ ಬಡಾವಣೆಯಲ್ಲೇ ಇದೆ. ದೊಡ್ಡ ಬಸವನ ಗುಡಿಯ ಬಳಿ ಹುಟ್ಟುತ್ತದೆ ಎನ್ನುವ ವೃಷಭಾವತಿ ಅರ್ಕಾವತಿಯನ್ನು ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಳ್ಳಂದೂರು ಕೆರೆಯ ನೀರಾದರೋ ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ಒಂದೇ ಊರಿನ ನೀರು ಹೀಗೆ ಎರಡು ಕಡೆ ಹರಿಯಲು ಬೆಂಗಳೂರು ದಿಣ್ಣೆಯ ಮೇಲಿರುವುದೇ ಕಾರಣ; ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಒದ್ದೆ ಮಣ್ಣಿನಲ್ಲಿ ದಿಣ್ಣೆ ಕಟ್ಟಿಸಿ, ನೆತ್ತಿಗೆ ಚೊಂಬಿನಿಂದ ನೀರು ಹೊಯ್ಯಿಸಿ.

ಒಬ್ಬ ತಾಯಿ: ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ, ಉತ್ತರವನ್ನು ಉತ್ತರಕ್ಕೇ ತಿರುಗಿಸಿ.

ಶಿಕ್ಷಕಿ: ಸೋಮವಾರವೇ ಎರಡನ್ನೂ ಮಾಡಿಸುತ್ತೇನೆ. ವೃಷಭಾವತಿಯ ದಡಕ್ಕೆ ಮಾತ್ರ ಮಕ್ಕಳನ್ನು ಕರೆದೊಯ್ಯಲಾರೆ. ಆ ನೀರಿನ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ.